ಪಾಠ ಮನೆಗೆ, ಕಷ್ಟದ ಕೆಲಸ ತರಗತಿಗೆ: ಫ್ಲಿಪ್ಡ್ ತರಗತಿ ಕಟ್ಟುವ ಸಮಗ್ರ ಮಾರ್ಗದರ್ಶಿ

ನಮ್ಮ ರೂಢಿಯ ಬೋಧನೆಯಲ್ಲಿ ಕೆಲಸದ ಹಂಚಿಕೆ ತಲೆಕೆಳಗಾಗಿದೆ. ಕೇಳಿಸಿಕೊಂಡು ಬರೆದುಕೊಳ್ಳುವ ಹಗುರ ಕೆಲಸ ತರಗತಿಯಲ್ಲಿ, ಶಿಕ್ಷಕರ ಕಣ್ಣೆದುರು ನಡೆಯುತ್ತದೆ. ಲೆಕ್ಕ ಬಿಡಿಸುವ, ಕಾರಣ ಹುಡುಕುವ, ತಾನೇ ಯೋಚಿಸಬೇಕಾದ ಕಷ್ಟದ ಕೆಲಸಕ್ಕೆ ವಿದ್ಯಾರ್ಥಿನಿ ಮನೆಯಲ್ಲಿ ಒಂಟಿಯಾಗಿ ಕೂರುತ್ತಾಳೆ. ಅಲ್ಲಿ ಸಿಕ್ಕಿಕೊಂಡರೆ ಕೇಳುವುದಕ್ಕೆ ಯಾರೂ ಇರುವುದಿಲ್ಲ. ಮರುದಿನ ಉತ್ತರ ಬೋರ್ಡಿನ ಮೇಲೆ ಬರುತ್ತದೆ, ಅವಳು ಅದನ್ನು ನೋಡಿ ಬರೆದುಕೊಳ್ಳುತ್ತಾಳೆ, ಪಾಠ ಮುಂದಕ್ಕೆ ಹೋಗುತ್ತದೆ.

ಫ್ಲಿಪ್ಡ್ ತರಗತಿ ಈ ಹಂಚಿಕೆಯನ್ನು ಅದಲುಬದಲು ಮಾಡುತ್ತದೆ. ಮೊದಲ ವಿವರಣೆಯನ್ನು ವಿದ್ಯಾರ್ಥಿಗಳು ಮನೆಯಲ್ಲಿ ಕಿರು ವಿಡಿಯೊ ನೋಡಿಯೋ, ಎರಡು ಪುಟ ಓದಿಯೋ ಪಡೆಯುತ್ತಾರೆ. ಲೆಕ್ಕ, ಚರ್ಚೆ, ಪ್ರಯೋಗಗಳು ತರಗತಿಯಲ್ಲಿ ನಡೆಯುತ್ತವೆ. ವಿಜ್ಞಾನ ಕಲಿಸುವ ನಾನು ಈ ವಿಧಾನಕ್ಕೆ ಹೊರಳಿದ ಮೇಲೆ ಸಹೋದ್ಯೋಗಿಗಳು ಮೊದಲು ಕೇಳುವುದು ವಿಡಿಯೊ ಮಾಡುವುದು ಹೇಗೆಂದು. ವಿಡಿಯೊ ಇದರಲ್ಲಿ ಸಣ್ಣ ಭಾಗ. ಪಾಠ ಮನೆಗೆ ಹೋದದ್ದರಿಂದ ತರಗತಿಯಲ್ಲಿ ಬಿಡುವಾದ ಅರ್ಧ ಗಂಟೆಯನ್ನು ಹೇಗೆ ಬಳಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ವಿಧಾನವನ್ನು ರೂಪಿಸಿದವರೂ ಇದೇ ದಾರಿಯಲ್ಲಿ ಬಂದವರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಎರಿಕ್ ಮಝೂರ್ 1990ರ ದಶಕದ ಆರಂಭದಲ್ಲೇ ಓದನ್ನು ತರಗತಿಯ ಹೊರಗೆ ಕಳುಹಿಸಿ, ತರಗತಿಯನ್ನು ವಿದ್ಯಾರ್ಥಿಗಳ ಪರಸ್ಪರ ಚರ್ಚೆಗೆ ಬಿಟ್ಟುಕೊಟ್ಟರು. 2000ರಲ್ಲಿ ಮೌರೀನ್ ಲೇಜ್, ಗ್ಲೆನ್ ಪ್ಲ್ಯಾಟ್ ಮತ್ತು ಮೈಕೆಲ್ ಟ್ರೆಗ್ಲಿಯಾ ಅರ್ಥಶಾಸ್ತ್ರದ ತರಗತಿಯಲ್ಲಿ ಇದೇ ಬಗೆಯ ಅದಲುಬದಲನ್ನು ವಿವರಿಸಿ ಬರೆದರು. ಅಮೆರಿಕದ ಕೊಲರಾಡೊ ರಾಜ್ಯದ ಪ್ರೌಢಶಾಲೆಯೊಂದರ ರಸಾಯನಶಾಸ್ತ್ರ ಶಿಕ್ಷಕರಾದ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ 2007ರಲ್ಲಿ ಪಾಠಗಳನ್ನು ರೆಕಾರ್ಡ್ ಮಾಡತೊಡಗಿದ್ದು, ಆಟೋಟಗಳಿಗೆಂದು ಹೋಗಿ ತರಗತಿ ತಪ್ಪಿಸಿಕೊಳ್ಳುತ್ತಿದ್ದ ಮಕ್ಕಳಿಗಾಗಿ. ಎಲ್ಲರೂ ಮನೆಯಲ್ಲೇ ಪಾಠ ನೋಡಿಬಂದರೆ ತರಗತಿಯ ಸಮಯವೆಲ್ಲ ಉಳಿಯುತ್ತದೆ ಎಂಬುದು ಆಮೇಲೆ ಹೊಳೆದ ವಿಚಾರ.

ಮುಂದಿನ ಹಂತಗಳಲ್ಲಿ ಉದ್ದಕ್ಕೂ ಒಂದೇ ಉದಾಹರಣೆಯನ್ನು, ವಿದ್ಯುತ್ ಮಂಡಲದ ಘಟಕವನ್ನು, ಹಿಡಿದು ಹೋಗುತ್ತೇನೆ. ನಿಮ್ಮ ವಿಷಯ ವ್ಯಾಕರಣವಿರಲಿ, ಇತಿಹಾಸವಿರಲಿ, ಹಂತಗಳು ಬದಲಾಗುವುದಿಲ್ಲ.

ಹಂತ 1: ಒಂದೇ ಒಂದು ಘಟಕವನ್ನು ಆರಿಸಿಕೊಳ್ಳಿ

ಇಡೀ ವರ್ಷದ ಪಠ್ಯಕ್ರಮವನ್ನು ಒಮ್ಮೆಗೇ ತಿರುಗಿಸಲು ಹೋಗಬೇಡಿ. ಎರಡು ವಾರದಲ್ಲಿ ಮುಗಿಯುವ ಒಂದು ಘಟಕ ಸಾಕು. ಪಾಠ ಕೇಳುವಾಗ ಎಲ್ಲರೂ ತಲೆಯಾಡಿಸುವ, ಆದರೆ ಉತ್ತರ ಪತ್ರಿಕೆಯಲ್ಲಿ ಎಲ್ಲರೂ ಎಡವುವ ಘಟಕವಿರಲಿ. ಪ್ರತಿ ಶಿಕ್ಷಕರಿಗೂ ಅಂಥ ಘಟಕ ಯಾವುದೆಂದು ಯೋಚಿಸದೆಯೇ ಗೊತ್ತಿರುತ್ತದೆ. ವಿದ್ಯುತ್ ಮಂಡಲ ಅಂಥದ್ದು. ಸೂತ್ರ ಬಾಯಿಗೆ ಬಂದಿರುತ್ತದೆ, ಬೆಲೆಗಳನ್ನು ಹಾಕಿ ಲೆಕ್ಕ ಮಾಡುವುದೂ ಬರುತ್ತದೆ. ಹೀಗಿದ್ದೂ ಬಲ್ಬ್ ಉರಿಯುವಾಗ ವಿದ್ಯುತ್ ಪ್ರವಾಹ 'ಖರ್ಚಾಗಿಬಿಡುತ್ತದೆ' ಎಂಬ ನಂಬಿಕೆ ಅಲುಗಾಡದೆ ಕೂತಿರುತ್ತದೆ.

ಹಂತ 2: ಯೋಜನೆಯನ್ನು ಕೊನೆಯಿಂದ ಬರೆಯಿರಿ

ಕ್ಯಾಮೆರಾ ಮುಟ್ಟುವ ಮೊದಲು ಖಾಲಿ ಹಾಳೆಯಲ್ಲಿ ಒಂದು ಪ್ರಶ್ನೆ ಬರೆಯಿರಿ. ಘಟಕದ ಕೊನೆಯ ದಿನ ವಿದ್ಯಾರ್ಥಿಗಳು ಗುಂಪಿನಲ್ಲಿ ಕುಳಿತು ಬಿಡಿಸಬೇಕಾದ ಸಮಸ್ಯೆ ಅದು. ನನ್ನ ಪ್ರಶ್ನೆ ಇದು: ಮೆಟ್ಟಿಲ ಮೇಲಿನ ದೀಪವನ್ನು ಕೆಳಗಿನ ಸ್ವಿಚ್ಚಿನಿಂದಲೂ ಮೇಲಿನ ಸ್ವಿಚ್ಚಿನಿಂದಲೂ ಹೊತ್ತಿಸಿ ಆರಿಸಬಹುದಾದ ಮಂಡಲವನ್ನು ಬಿಡಿಸಿ ತೋರಿಸಿ, ಅದು ಕೆಲಸ ಮಾಡುತ್ತದೆಂದು ವಾದಿಸಿ. ಪಠ್ಯಪುಸ್ತಕದಿಂದ ಎತ್ತಿ ಬರೆಯಲಾಗದ, ಆದರೆ ಕಲಿತದ್ದಷ್ಟರಿಂದಲೇ ಬಿಡಿಸಬಹುದಾದ ಪ್ರಶ್ನೆಯೇ ಬೇಕು.

ಅಲ್ಲಿಂದ ಹಿಂದಕ್ಕೆ ಬನ್ನಿ. ಈ ಸಮಸ್ಯೆಗೆ ಏನೇನು ಗೊತ್ತಿರಬೇಕು? ಪಟ್ಟಿ ಮಾಡಿ, ಪ್ರತಿಯೊಂದರ ಪಕ್ಕದಲ್ಲಿ 'ಮನೆ' ಅಥವಾ 'ತರಗತಿ' ಎಂದು ಬರೆಯಿರಿ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕೊಟ್ಟ, 2001ರಲ್ಲಿ ಪರಿಷ್ಕರಣೆಗೊಂಡ ಕಲಿಕೆಯ ಶ್ರೇಣಿ ಇಲ್ಲಿ ನೆರವಾಗುತ್ತದೆ. ನೆನಪಿಡುವುದು ಮತ್ತು ಮೇಲುಮೇಲಿನ ಗ್ರಹಿಕೆ ಮನೆಗೆ. ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ, ಸೃಷ್ಟಿ ತರಗತಿಗೆ. ಮಂಡಲದ ಚಿಹ್ನೆಗಳು, ಪ್ರವಾಹ ಅಳೆಯುವ ಅಮ್ಮೀಟರ್ ಓದುವ ಕ್ರಮ, ಬಿಡಿಸಿ ತೋರಿಸಿದ ಒಂದು ಲೆಕ್ಕ ಮನೆಗೆ ಹೋಗುತ್ತವೆ. ಊಹಿಸುವುದು, ಜೋಡಿಸಿ ನೋಡುವುದು, ಊಹೆ ತಪ್ಪಾದದ್ದೇಕೆಂದು ಹೇಳುವುದು ತರಗತಿಗೆ ಬರುತ್ತವೆ.

ಇಲ್ಲೊಂದು ಎಚ್ಚರಿಕೆ. ಅಚ್ಚರಿಪಡಬೇಕಾದ ಸಂಗತಿಯನ್ನು ವಿಡಿಯೊದಲ್ಲಿ ಮೊದಲೇ ಹೇಳಿಬಿಡಬೇಡಿ. ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದಾಗಿ, ಇರುವ ಎರಡು ಒಂದೇ ಬಗೆಯ ಬಲ್ಬುಗಳು ಸಮನಾಗಿ ಬೆಳಗುತ್ತವೆ ಎಂಬುದನ್ನು ಮಕ್ಕಳು ಊಹಿಸಿ, ತಪ್ಪಿ, ಕಣ್ಣಾರೆ ಕಾಣಬೇಕು. ಅಂಥ ಕಡೆ ಪ್ರಯೋಗ ಮೊದಲು, ವಿವರಣೆಯ ವಿಡಿಯೊ ಆ ಸಂಜೆ. ಮನೆ ಮೊದಲು, ತರಗತಿ ಆಮೇಲೆ ಎಂಬ ಕ್ರಮ ಎಲ್ಲ ಪಾಠಕ್ಕೂ ಹೊಂದುವುದಿಲ್ಲ.

ಹಂತ 3: ಮನೆಗೆ ಕಳುಹಿಸುವ ಪಾಠ ಸಿದ್ಧಪಡಿಸಿ

ಒಂದು ವಿಡಿಯೊದಲ್ಲಿ ಒಂದೇ ವಿಚಾರವಿರಲಿ, ಸುಮಾರು 6 ನಿಮಿಷ ಇರಲಿ. ಎಡ್‌ಎಕ್ಸ್ ಆನ್‌ಲೈನ್ ಕೋರ್ಸುಗಳ ಲಕ್ಷಾಂತರ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುಗರು ಅದರಲ್ಲಿ ತೊಡಗಿರುವ ಕಾಲ ಸಾಮಾನ್ಯವಾಗಿ 6 ನಿಮಿಷ ದಾಟುವುದಿಲ್ಲ ಎಂದು ಕಂಡುಕೊಂಡಿತು. ಹೇಳಬೇಕಾದದ್ದು ಹೆಚ್ಚಿದ್ದರೆ ಎರಡು ವಿಡಿಯೊ ಮಾಡಿ.

ದುಬಾರಿ ಸಲಕರಣೆ ಬೇಕಿಲ್ಲ. ಮೇಜಿನ ಮೇಲೆ ಬಿಳಿ ಹಾಳೆ ಇಟ್ಟು, ಅದರ ಮೇಲ್ಭಾಗದಲ್ಲಿ ಮೊಬೈಲನ್ನು ಅಲುಗಾಡದಂತೆ ಕೆಳಮುಖವಾಗಿ ನಿಲ್ಲಿಸಿ, ಬರೆಯುತ್ತಾ ಮಾತನಾಡಿ. ಚಿತ್ರ ತುಸು ಮಸುಕಾದರೂ ಮಕ್ಕಳು ಸಹಿಸುತ್ತಾರೆ, ಧ್ವನಿ ಸರಿಯಿಲ್ಲದಿದ್ದರೆ ನಿಲ್ಲಿಸಿಬಿಡುತ್ತಾರೆ. ಆದ್ದರಿಂದ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಪರದೆಯ ಮೇಲೆ ಉದ್ದುದ್ದ ವಾಕ್ಯ ಹಾಕಿ ಅದನ್ನೇ ಗಟ್ಟಿಯಾಗಿ ಓದುವ ಅಭ್ಯಾಸ ಬಿಡಿ. ಕಣ್ಣು ಒಂದು ವೇಗದಲ್ಲಿ ಓದುತ್ತಿರುತ್ತದೆ, ಕಿವಿ ಇನ್ನೊಂದು ವೇಗದಲ್ಲಿ ಕೇಳುತ್ತಿರುತ್ತದೆ, ಗಮನ ಎರಡರ ನಡುವೆ ಹಂಚಿಹೋಗುತ್ತದೆ. ಚಿತ್ರ ಬರೆಯಿರಿ, ಮಾತಿನಲ್ಲಿ ವಿವರಿಸಿ. ನಡುವೆ ಒಂದು ಪ್ರಶ್ನೆ ಕೇಳಿ, "ಇಲ್ಲಿ ನಿಲ್ಲಿಸಿ, ಉತ್ತರ ಬರೆದುಕೊಂಡು ಮುಂದುವರಿಯಿರಿ" ಎಂದು ಹೇಳಿ.

ಅಂತರ್ಜಾಲದಲ್ಲಿ ಸಿದ್ಧ ವಿಡಿಯೊಗಳು ಬೇಕಾದಷ್ಟಿವೆ, ಕೆಲವು ಬಹಳ ಚೆನ್ನಾಗಿಯೂ ಇವೆ. ಆದರೂ ಸಾಧ್ಯವಾದಷ್ಟು ನೀವೇ ಮಾಡಿ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಮಕ್ಕಳು ಎಲ್ಲಿ ತಪ್ಪುತ್ತಾರೆಂದು ನಿಮಗೆ ಗೊತ್ತು, ವಿಡಿಯೊದಲ್ಲಿ ಆ ತಪ್ಪನ್ನೇ ಎತ್ತಿ ಮಾತನಾಡಬಹುದು. ಮೇಲಾಗಿ, ಪರಿಚಿತ ಧ್ವನಿ ಕೇಳಿದಾಗ ಮಗು ಕೂತು ನೋಡುತ್ತದೆ.

ಎಲ್ಲರ ಮನೆಯಲ್ಲೂ ಮೊಬೈಲ್ ಅಥವಾ ಇಂಟರ್ನೆಟ್ ಇರುತ್ತದೆಂದು ಭಾವಿಸಿ ಹೊರಟರೆ, ಹಿಂದೆ ಬಿದ್ದ ಮಗು ಇನ್ನೂ ಹಿಂದಕ್ಕೆ ಬೀಳುತ್ತದೆ. ಮೊದಲೇ ಒಂದು ಚೀಟಿಯಲ್ಲಿ ಗುಟ್ಟಾಗಿ ಕೇಳಿಕೊಳ್ಳಿ: ಮನೆಯಲ್ಲಿ ಯಾವ ಸಾಧನವಿದೆ, ಅದು ನಿನಗೆ ಯಾವ ಹೊತ್ತಿನಲ್ಲಿ ಸಿಗುತ್ತದೆ? ಇಲ್ಲದವರಿಗೆ ಪೆನ್ ಡ್ರೈವ್, ಶಾಲೆಯ ಕಂಪ್ಯೂಟರಿನಲ್ಲಿ ಬೆಳಗಿನ ಸ್ವಲ್ಪ ಹೊತ್ತು, ಅಥವಾ ವಿಡಿಯೊದ ಸಾರವೆಲ್ಲ ಇರುವ ಎರಡು ಪುಟದ ಮುದ್ರಿತ ಪಾಠ ಕೊಡಿ. ಕಾಗದದ ಮೇಲಿನ ಪಾಠವೂ ಪೂರ್ಣ ಫ್ಲಿಪ್ಡ್ ಪಾಠವೇ. ಮಝೂರ್ ಅವರ ವಿದ್ಯಾರ್ಥಿಗಳು ಓದಿಬರುತ್ತಿದ್ದದ್ದು ಅಚ್ಚಾದ ಪುಟಗಳನ್ನೇ.

ಮನೆಯ ಕೆಲಸ ಒಟ್ಟು 20 ನಿಮಿಷ ಮೀರದಿರಲಿ. ವಿಡಿಯೊ ಕೊಟ್ಟ ದಿನ ಬೇರೆ ಹೋಂವರ್ಕ್ ಬೇಡ. ಇಲ್ಲವಾದರೆ ಅದು ಎರಡು ಪಟ್ಟು ಹೊರೆ, ಅದಲುಬದಲು ಎಂಬುದು ಹೆಸರಿಗಷ್ಟೇ.

ಹಂತ 4: ನೋಡುವುದನ್ನು ಕಲಿಸಿ

ಮೊಬೈಲ್ ಹಿಡಿದು ಬೆಳೆದ ಮಕ್ಕಳಿಗೆ ವಿಡಿಯೊ ಎಂದರೆ ಮನರಂಜನೆ. ವಿಡಿಯೊದಿಂದ ಕಲಿಯುವುದು ಬೇರೆಯೇ ಕೌಶಲ, ಅದನ್ನು ಹೇಳಿಕೊಡಬೇಕಾಗುತ್ತದೆ. ಮೊದಲ ವಿಡಿಯೊವನ್ನು ತರಗತಿಯಲ್ಲೇ ಎಲ್ಲರೊಂದಿಗೆ ನೋಡಿ. ನೀವೇ ನಿಲ್ಲಿಸಿ, ಹಿಂದಕ್ಕೆ ಹೋಗಿ, ನಿಮ್ಮ ಟಿಪ್ಪಣಿಯನ್ನು ಬೋರ್ಡಿನ ಮೇಲೆ ಬರೆಯುತ್ತಾ ತೋರಿಸಿ. ಎರಡನೆಯದನ್ನು ಜೋಡಿಯಲ್ಲಿ ನೋಡಲಿ. ಮೂರನೆಯದು ಮನೆಗೆ.

ಜೊತೆಗೆ ಮನೆಯಲ್ಲಿ ಬರೆದು ತರಲು ಚಿಕ್ಕದೊಂದು ಚೀಟಿ ಕೊಡಿ. ಅದರಲ್ಲಿ ವಿಷಯದ ಮೇಲೆ ಎರಡು ಪ್ರಶ್ನೆ, ಕೊನೆಯಲ್ಲಿ ಯಾವಾಗಲೂ ಇದೇ ಪ್ರಶ್ನೆ: "ಎಲ್ಲಿ ನಿನಗೆ ಅರ್ಥವಾಗಲಿಲ್ಲ, ಅಥವಾ ಎಲ್ಲಿ ನಂಬಲಾಗಲಿಲ್ಲ?" ಈ ಕೊನೆಯ ಉತ್ತರಗಳು ನನಗೆ ಅತಿ ಅಮೂಲ್ಯ. ತರಗತಿಗೆ ಹೋಗುವ ಮುಂಚೆ ಅವುಗಳನ್ನು ಓದಿದರೆ ಆ ದಿನದ ಪಾಠ ತಾನಾಗಿಯೇ ರೂಪುಗೊಳ್ಳುತ್ತದೆ. "ಬಲ್ಬಿನಿಂದ ಹೊರಬರುವ ಪ್ರವಾಹ ಒಳಹೋದಷ್ಟೇ ಇದ್ದರೆ ಬೆಳಕು ಎಲ್ಲಿಂದ ಬಂತು?" ಎಂದು ಒಂದು ಮಗು ಬರೆದರೆ ಸಾಕು, ಆ ಪ್ರಶ್ನೆಯ ಮೇಲೆಯೇ ಪೂರ್ತಿ ಪೀರಿಯಡ್ ನಡೆಸಬಹುದು. ಕೇಳಿದ ಮಗುವಿನ ಹೆಸರು ಹೇಳುವ ಮೊದಲು ಅದರ ಒಪ್ಪಿಗೆ ಪಡೆಯಿರಿ. ಒಪ್ಪಿದರೆ ಹೆಮ್ಮೆಯಿಂದ ಹೇಳಿ.

ಹಂತ 5: ನೋಡದೆ ಬಂದವರಿಗೆ ವ್ಯವಸ್ಥೆ ಮಾಡಿ

ಕೆಲವರು ನೋಡದೆ ಬರುತ್ತಾರೆ. ಅವರಿಗಾಗಿ ಪಾಠವನ್ನು ಬೋರ್ಡಿನ ಮೇಲೆ ಮತ್ತೆ ಮಾಡಿದರೆ ವಿಧಾನ ಅಲ್ಲಿಗೇ ಮುಗಿಯಿತು, ಏಕೆಂದರೆ ನೋಡಿ ಬಂದವರಿಗೆ ಮುಂದಿನ ಸಲ ನೋಡಲು ಕಾರಣವೇ ಇರುವುದಿಲ್ಲ. ತರಗತಿಯ ಒಂದು ಮೂಲೆಯಲ್ಲಿ ಅದೇ ವಿಡಿಯೊ ಅಥವಾ ಮುದ್ರಿತ ಪುಟ ಸಿದ್ಧವಿರಲಿ. ನೋಡದವರು ಅಲ್ಲಿ ಕೂತು ಮುಗಿಸಿ, ಆಮೇಲೆ ಗುಂಪು ಸೇರಲಿ. ಬೈಯುವುದು ಬೇಡ, ಶಿಕ್ಷೆಯೆಂದು ಎದ್ದು ನಿಲ್ಲಿಸುವುದಂತೂ ಬೇಡವೇ ಬೇಡ. ಪ್ರಯೋಗ ಅರ್ಧ ತಪ್ಪಿಹೋದ ಬೇಸರವೇ ಬಹಳ ಮಕ್ಕಳಿಗೆ ಸಾಕಾಗುತ್ತದೆ.

ಪದೇ ಪದೇ ಹೀಗಾದರೆ ಮಗುವನ್ನು ಪಕ್ಕಕ್ಕೆ ಕರೆದು ಕೇಳಿ. ತಮ್ಮನನ್ನು ನೋಡಿಕೊಳ್ಳುವ ಹೊಣೆಯಿರಬಹುದು, ಮನೆಯ ಮೊಬೈಲ್ ರಾತ್ರಿ ಹತ್ತಕ್ಕೆ ಕೈಗೆ ಬರುತ್ತಿರಬಹುದು. ಈ ಕಾರಣಗಳನ್ನು ಸೋಮಾರಿತನ ಎಂದು ಕರೆಯುವ ಶಿಕ್ಷಕರನ್ನು ಕಂಡರೆ ನನಗೆ ನಿಜವಾಗಿ ನೋವಾಗುತ್ತದೆ.

ಹಂತ 6: ತರಗತಿಯ ಸಮಯವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಿ

ಎಲ್ಲ ಸಿದ್ಧತೆಯೂ ಇದಕ್ಕಾಗಿಯೇ. 45 ನಿಮಿಷದ ಪೀರಿಯಡ್ಡನ್ನು ನಾನು ಸ್ಥೂಲವಾಗಿ ಹೀಗೆ ಬಳಸುತ್ತೇನೆ: ಮನೆಯಿಂದ ಬಂದ ಸಂದೇಹಗಳಿಗೆ 5 ನಿಮಿಷ, ಒಂದು ಪರಿಕಲ್ಪನಾ ಪ್ರಶ್ನೆಗೆ 10, ಗುಂಪು ಕೆಲಸಕ್ಕೆ 25, ಮುಕ್ತಾಯದ ಚೀಟಿಗೆ 5.

ಪರಿಕಲ್ಪನಾ ಪ್ರಶ್ನೆಗೆ ಲೆಕ್ಕ ಬೇಕಿಲ್ಲ, ಯೋಚನೆ ಬೇಕು. ಒಂದು ಶುಷ್ಕಕೋಶಕ್ಕೆ ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದೆ. ಯಾವುದು ಹೆಚ್ಚು ಬೆಳಗುತ್ತದೆ? ಕೋಶಕ್ಕೆ ಹತ್ತಿರದ್ದೋ, ದೂರದ್ದೋ, ಎರಡೂ ಸಮವೋ? ಮೊದಲು ಎಲ್ಲರೂ ಮಾತಿಲ್ಲದೆ ಉತ್ತರ ಬರೆಯಲಿ, ಬಳಿಕ ಒಟ್ಟಿಗೆ ಕೈಬೆರಳಿನಲ್ಲಿ ತೋರಿಸಲಿ. ಮಝೂರ್ ಅವರ ವಿಧಾನದಲ್ಲಿ ಮುಂದಿನ ನಡೆ ಸರಿಯುತ್ತರಗಳ ಪ್ರಮಾಣವನ್ನು ಅವಲಂಬಿಸಿದೆ. ಸುಮಾರು 30 ಶೇಕಡಕ್ಕಿಂತ ಕಡಿಮೆಯಿದ್ದರೆ ವಿಷಯವನ್ನು ಮತ್ತೆ ವಿವರಿಸಬೇಕು. 70 ಶೇಕಡ ಮೀರಿದ್ದರೆ ಚುಟುಕಾಗಿ ಕಾರಣ ಹೇಳಿ ಮುಂದೆ ಹೋಗಬಹುದು. ನಡುವೆ ಇದ್ದರೆ "ನಿಮಗಿಂತ ಬೇರೆ ಉತ್ತರ ಕೊಟ್ಟವರನ್ನು ಹುಡುಕಿ ಒಪ್ಪಿಸಿ" ಎಂದು ಬಿಡಬೇಕು. ಎರಡು ನಿಮಿಷ ಗದ್ದಲವೋ ಗದ್ದಲ. ಮತ್ತೆ ಕೈ ಎತ್ತಿಸಿದರೆ ಸರಿಯುತ್ತರಗಳು ಸಾಮಾನ್ಯವಾಗಿ ಹೆಚ್ಚಿರುತ್ತವೆ. ಇಷ್ಟೆಲ್ಲ ಆದ ಮೇಲೆ ಬಲ್ಬುಗಳನ್ನು ಜೋಡಿಸಿ ತೋರಿಸಿ. ಎರಡೂ ಸಮನಾಗಿ ಬೆಳಗಿದಾಗ ಮಕ್ಕಳು ಹೊರಡಿಸುವ ಉದ್ಗಾರ ಕೇಳಲು ಎಷ್ಟು ಸಿದ್ಧತೆ ಮಾಡಿದರೂ ಸಾರ್ಥಕ.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. 1970ರ ದಶಕದಲ್ಲಿ ಮೇರಿ ಬಡ್ ರೋ ಅವರ ಸಂಶೋಧನೆ ತೋರಿಸಿದಂತೆ, ಶಿಕ್ಷಕರು ಉತ್ತರಕ್ಕಾಗಿ ಸರಾಸರಿ 1 ಸೆಕೆಂಡಿನಷ್ಟು ಕಾಯುತ್ತಾರೆ. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಬಾಯಿ ತೆರೆಯದವರೂ ಮಾತನಾಡುತ್ತಾರೆ. ತರಗತಿಯ ಮುಂದೆ ನಿಂತವರಿಗೆ ಆ 3 ಸೆಕೆಂಡು ಬಹಳ ಉದ್ದ ಎನಿಸುತ್ತದೆ. ಮನಸ್ಸಿನಲ್ಲೇ ಎಣಿಸಿಕೊಳ್ಳಿ.

ಗುಂಪುಗಳಲ್ಲಿ ಮೂವರು, ಹೆಚ್ಚೆಂದರೆ ನಾಲ್ವರು. ಐವರಾದರೆ ಒಬ್ಬರು ಖಂಡಿತ ಸುಮ್ಮನೆ ಕೂರುತ್ತಾರೆ. ಒಬ್ಬರು ಜೋಡಿಸಲಿ, ಒಬ್ಬರು ಬರೆಯಲಿ, ಒಬ್ಬರು "ಏಕೆ?" ಎಂದು ಕೇಳುತ್ತಿರಲಿ, ಪಾತ್ರಗಳು ಪ್ರತಿದಿನ ಬದಲಾಗಲಿ. ಗುಂಪಿನ ಪರವಾಗಿ ಯಾರು ಮಾತನಾಡಬೇಕೆಂದು ಕೆಲಸ ಮುಗಿದ ಮೇಲೆ ನೀವೇ ಆರಿಸಿ. ಮೊದಲೇ ಗೊತ್ತಿದ್ದರೆ ಅವರೊಬ್ಬರೇ ಕಲಿಯುತ್ತಾರೆ.

ಈಗ ನಿಮ್ಮ ಕೆಲಸ ಗುಂಪಿನಿಂದ ಗುಂಪಿಗೆ ನಡೆಯುವುದು. ಇಲ್ಲಿ ಶಿಕ್ಷಕರಿಗೆ ಬಹಳ ಸಂಯಮ ಬೇಕು, ಉತ್ತರ ಹೇಳಿಬಿಡುವ ಆಸೆ ನಾಲಿಗೆಯ ತುದಿಯಲ್ಲೇ ಇರುತ್ತದೆ. ನನ್ನ ತರಗತಿಯಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

"ಮೇಡಂ, ಇದು ಸರಿಯೇ?"

"ನಿನಗೆ ಏನನ್ನಿಸುತ್ತದೆ?"

"ಮೊದಲ ಬಲ್ಬ್ ಸ್ವಲ್ಪ ಪ್ರವಾಹವನ್ನು ತಿಂದುಬಿಡುತ್ತದೆ, ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ."

"ಹಾಗಿದ್ದರೆ ಎರಡರ ನಡುವೆ ಅಮ್ಮೀಟರ್ ಇಟ್ಟರೆ ಎಷ್ಟು ತೋರಿಸಬೇಕು?"

"ಕಡಿಮೆ ತೋರಿಸಬೇಕು."

"ಇಟ್ಟು ನೋಡು. ನಾನು ಆ ಗುಂಪನ್ನು ನೋಡಿಕೊಂಡು ಬರುತ್ತೇನೆ."

ಆ ಕೊನೆಯ ವಾಕ್ಯವನ್ನು ಬೇಕೆಂದೇ ಹೇಳುತ್ತೇನೆ. ಶಿಕ್ಷಕರು ಅಲ್ಲೇ ನಿಂತಿದ್ದರೆ ಮಗು ಅಮ್ಮೀಟರನ್ನು ನೋಡದೆ ಶಿಕ್ಷಕರ ಮುಖ ನೋಡಿ ಉತ್ತರ ಊಹಿಸುತ್ತದೆ. ಮರಳಿ ಬರುವಾಗ ಮಗುವಿನ ಬಾಯಲ್ಲಿ ಹೊಸ ಪ್ರಶ್ನೆ ಇರುತ್ತದೆ: ಪ್ರವಾಹ ಎಲ್ಲ ಕಡೆ ಸಮವಾದರೆ ಬಲ್ಬ್ ತೆಗೆದುಕೊಂಡದ್ದು ಏನನ್ನು? ಶಕ್ತಿ ಮತ್ತು ವಿಭವಾಂತರದ (ವೋಲ್ಟೇಜ್) ಮಾತಿಗೆ ಅದಕ್ಕಿಂತ ಒಳ್ಳೆಯ ಪ್ರವೇಶ ನನಗೆ ಗೊತ್ತಿಲ್ಲ.

ಬೇಗ ಮುಗಿಸುವ ಮಕ್ಕಳಿಗೆ ಅದೇ ಬಗೆಯ ಇನ್ನಷ್ಟು ಲೆಕ್ಕ ಕೊಡಬೇಡಿ, ಅದು ಅವರಿಗೆ ಶಿಕ್ಷೆಯಂತೆ ಕಾಣುತ್ತದೆ. ಆಳದ ಪ್ರಶ್ನೆ ಕೊಡಿ: ಪ್ರತಿ ಬಲ್ಬಿಗೂ ಬೇರೆ ದಾರಿಯಿರುವ ಸಮಾಂತರ ಜೋಡಣೆಯಲ್ಲಿ ಒಂದು ಬಲ್ಬ್ ತೆಗೆದರೂ ಇನ್ನೊಂದು ಉರಿಯುತ್ತದೆ, ಸರಣಿಯಲ್ಲಿ ಎರಡೂ ಆರುತ್ತವೆ, ಎರಡನ್ನೂ ಬೆರೆಸಿದ ಮಂಡಲದಲ್ಲಿ ಯಾವುದನ್ನು ತೆಗೆದರೆ ಏನಾಗುತ್ತದೆ? ಕೊನೆಯ 5 ನಿಮಿಷ ಪ್ರತಿಯೊಬ್ಬರೂ ಒಂಟಿಯಾಗಿ ಚೀಟಿಯಲ್ಲಿ ಒಂದು ಪ್ರಶ್ನೆಗೆ ಉತ್ತರ ಬರೆದುಕೊಡಲಿ. ಗುಂಪಿನ ನೆರಳಿನಲ್ಲಿ ಅಡಗಿದವರು ಇಲ್ಲಿ ಕಾಣಸಿಗುತ್ತಾರೆ. ಮರುದಿನ ಮೊದಲು ಅವರ ಬಳಿ ಕೂರಿ.

ಹಂತ 7: ಮೌಲ್ಯಮಾಪನವನ್ನು ಹೊಂದಿಸಿ

ವಿಡಿಯೊ ನೋಡಿದ್ದಕ್ಕೆ ಅಂಕ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಮನೆಯ ಚೀಟಿಯನ್ನು ಓದಿ, ಅಂಕ ಹಾಕಬೇಡಿ. ಅಂಕ ಬಂದ ಕೂಡಲೇ "ಅರ್ಥವಾಗಲಿಲ್ಲ" ಎಂದು ಪ್ರಾಮಾಣಿಕವಾಗಿ ಬರೆಯುವುದು ನಿಂತುಹೋಗುತ್ತದೆ. ಘಟಕದ ಕಿರುಪರೀಕ್ಷೆಯನ್ನು ಮತ್ತೊಮ್ಮೆ ಬರೆಯಲು ಅವಕಾಶ ಕೊಡಿ, ಆದರೆ ಮೊದಲ ತಪ್ಪು ಏಕಾಯಿತೆಂದು ಬರೆದುಕೊಟ್ಟ ಮೇಲೆ ಮಾತ್ರ.

ಹಂತ 8: ವಿರೋಧವನ್ನು ಆಲಿಸಿ, ಉತ್ತರಿಸಿ

ಮೊದಲ ವಿರೋಧ ಚೆನ್ನಾಗಿ ಅಂಕ ತೆಗೆಯುವ ಮಕ್ಕಳಿಂದಲೇ ಬರುತ್ತದೆ. ಕೇಳಿ ಬರೆದು ಒಪ್ಪಿಸುವುದರಲ್ಲಿ ಅವರು ನಿಪುಣರು, ಈಗ ಆಟದ ನಿಯಮವೇ ಬದಲಾಗಿದೆ. ಅವರಿಗೆ ಮೊದಲೇ ಒಂದು ಸಂಗತಿ ತಿಳಿಸಿ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ರಿಯವಾಗಿ, ಅಂದರೆ ತಾವೇ ಸಮಸ್ಯೆ ಬಿಡಿಸುತ್ತಾ, ಕಲಿತ ವಿದ್ಯಾರ್ಥಿಗಳು ಉಪನ್ಯಾಸ ಕೇಳಿದವರಿಗಿಂತ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ತಾವು ಕಡಿಮೆ ಕಲಿತೆವೆಂದು ಭಾವಿಸಿದ್ದರು. ಸೊಗಸಾದ ಉಪನ್ಯಾಸ ಕೇಳುವಾಗ ಎಲ್ಲವೂ ಅರ್ಥವಾದಂತೆ ಅನ್ನಿಸುತ್ತದೆ. ತಾನೇ ಹೆಣಗುವಾಗ ಹಾಗೆ ಅನ್ನಿಸುವುದಿಲ್ಲ. ಇದನ್ನು ಮಕ್ಕಳ ಮುಂದೆ ಬಿಚ್ಚಿ ಹೇಳಿದರೆ ಅವರು ತಮ್ಮ ಹೆಣಗಾಟವನ್ನು ಸೋಲೆಂದು ಎಣಿಸುವುದಿಲ್ಲ.

ಪೋಷಕರ ದೂರು ಬೇರೆ: "ಮೇಡಂ ಪಾಠವನ್ನೇ ಮಾಡುವುದಿಲ್ಲವಂತೆ." ಇದು ಬರುವ ಮೊದಲೇ ಪೋಷಕರ ಸಭೆಯಲ್ಲಿ ಒಂದು ವಿಡಿಯೊ ತೋರಿಸಿ, ಬಲ್ಬಿನ ಪ್ರಶ್ನೆಯನ್ನು ಅವರಿಗೇ ಕೇಳಿ. ಹತ್ತು ನಿಮಿಷ ತಾವೇ ವಾದಿಸಿದ ಮೇಲೆ ವಿಧಾನದ ಬಗ್ಗೆ ಉಪನ್ಯಾಸ ಬೇಕಾಗುವುದಿಲ್ಲ. ಮುಖ್ಯೋಪಾಧ್ಯಾಯರಿಗೆ ತರಗತಿಯ ಸದ್ದಿನ ವಿಷಯ ಮುಂಚಿತವಾಗಿ ತಿಳಿಸಿರಿ, ಒಂದು ಪೀರಿಯಡ್ ಕೂತು ನೋಡಲು ಆಹ್ವಾನಿಸಿ. ಅಂಕಿ-ಅಂಶ ಕೇಳುವವರಿಗೆ 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆ ಇದೆ. ಕಾಲೇಜು ಮಟ್ಟದ ವಿಜ್ಞಾನ, ಎಂಜಿನಿಯರಿಂಗ್, ಗಣಿತ ಕೋರ್ಸುಗಳಲ್ಲಿ ಬರೀ ಉಪನ್ಯಾಸ ಕೇಳಿದವರು ಅನುತ್ತೀರ್ಣರಾಗುವ ಸಂಭವ ಸಕ್ರಿಯ ಕಲಿಕೆಯವರಿಗಿಂತ 1.5 ಪಟ್ಟು ಎಂದು ಅದು ಕಂಡುಕೊಂಡಿತು.

"ಪಠ್ಯಕ್ರಮ ಮುಗಿಯುವುದೇ?" ಎಂಬ ಸಹೋದ್ಯೋಗಿಗಳ ಪ್ರಶ್ನೆ ನ್ಯಾಯವಾದದ್ದು. ಮೊದಲ ಘಟಕ ನಿಧಾನವಾಗುತ್ತದೆ. ಮಕ್ಕಳಿಗೆ ನೋಡುವ, ಚರ್ಚಿಸುವ ಅಭ್ಯಾಸ ಬಂದ ಮೇಲೆ ವೇಗ ಮರಳುತ್ತದೆ, ಮುಂದೆ ಪುನರಾವರ್ತನೆಗೆ ಹಿಡಿಯುವ ಸಮಯವೂ ಕಡಿಮೆಯಾಗುತ್ತದೆ. ಆದರೂ ಪ್ರತಿಯೊಂದು ಪಾಠವನ್ನೂ ಹೀಗೆಯೇ ಮಾಡಬೇಕೆಂದು ನಾನು ಹೇಳಲಾರೆ. ಒಂದು ಕಥೆಯನ್ನು ಇಡೀ ತರಗತಿ ಒಟ್ಟಿಗೆ ಉಸಿರು ಬಿಗಿಹಿಡಿದು ಕೇಳಬೇಕಾದ ದಿನಗಳಿರುತ್ತವೆ. ಅಂದು ನೀವೇ ನಿಂತು ಹೇಳಿ.

ಹಂತ 9: ಘಟಕ ಮುಗಿದ ಮೇಲೆ ಪರಿಶೀಲಿಸಿ

ಅಂಕಗಳನ್ನು ಹಿಂದಿನ ವರ್ಷದ ಅದೇ ಘಟಕದೊಂದಿಗೆ ಹೋಲಿಸಿ. ಜೊತೆಗೆ ಇನ್ನೆರಡು ಗುರುತುಗಳನ್ನು ನೋಡಿ. ತರಗತಿಯಲ್ಲಿ ಯಾರು ಯಾರು ಮಾತನಾಡಿದರು? ಒಂದು ಪೀರಿಯಡ್‌ನಲ್ಲಿ ಹಾಜರಿ ಪಟ್ಟಿಯ ಪ್ರತಿಯಲ್ಲಿ ಹೆಸರಿನ ಮುಂದೆ ಗೆರೆ ಎಳೆಯುತ್ತಾ ಹೋಗಿ, ಖಾಲಿ ಉಳಿದ ಹೆಸರುಗಳು ಮುಂದಿನ ಗುಂಪು ರಚನೆಗೆ ದಾರಿ ತೋರಿಸುತ್ತವೆ. ಎರಡನೆಯದಾಗಿ, "ಇದು ಪರೀಕ್ಷೆಗೆ ಬರುತ್ತದೆಯೇ?" ಎಂಬ ಪ್ರಶ್ನೆಯ ಜಾಗದಲ್ಲಿ "ಹೀಗೆ ಮಾಡಿದರೆ ಏನಾಗುತ್ತದೆ?" ಎಂಬುದು ಎಷ್ಟು ಸಲ ಕೇಳಿಬಂತು?

ಮನೆಯ ಚೀಟಿಗಳನ್ನು ಘಟಕವಾರು ಕಟ್ಟಿ ಇಟ್ಟುಕೊಳ್ಳಿ. ಒಂದೇ ಸಂದೇಹ ಹಲವರ ಚೀಟಿಯಲ್ಲಿ ಕಂಡರೆ ಆ ವಿಡಿಯೊವನ್ನು ಮರಳಿ ಮಾಡಬೇಕು. ಉಳಿದವು ಮುಂದಿನ ವರ್ಷಕ್ಕೂ ನಡೆಯುತ್ತವೆ. ಹೀಗಾಗಿ ಎರಡನೆಯ ವರ್ಷ ಸಿದ್ಧತೆಯ ಭಾರ ಬಹಳ ಇಳಿಯುತ್ತದೆ, ಆ ಸಮಯವನ್ನು ಇನ್ನೊಂದು ಘಟಕ ತಿರುಗಿಸಲು ಬಳಸಬಹುದು. ಮುಂದಿನ ಘಟಕ ಯಾವುದಿರಲಿ ಎಂದು ವಿದ್ಯಾರ್ಥಿಗಳನ್ನೇ ಕೇಳಿ. ಯಾವ ಪಾಠ ತಮಗೆ ಕೈಕೊಡುತ್ತದೆಂದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.